ಬಾಲಮಧುಮೇಹವೂ ಅದರ ಚಿಕಿತ್ಸೆಯ ಚರಿತ್ರೆಯೂ

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಗಾದೆ. ಅನೇಕ ವ್ಯಾಧಿಗಳ ವಿಷಯದಲ್ಲಿ ಇದು ಸತ್ಯವಾದುದೇ ಸರಿ. ಆದರೆ ಊಟದ ತಪ್ಪೊಪ್ಪುಗಳನ್ನು ಅರಿಯುವ ವಯಸ್ಸಿಗೆ ಮೊದಲೇ, ತನ್ನ ಅಪರಾಧವಾಗಲಿ ತಾಯಿತಂದೆಗಳ ಅಪರಾಧವಾಗಲಿ ಏನೊಂದೂ ಇಲ್ಲದೆ, ಮಗುವಿನ ರಕ್ತದಲ್ಲಿ ಸಕ್ಕರೆಯು ಏರಿ ನಿಲ್ಲುವ ವ್ಯಾಧಿಯೊಂದುಂಟು. ನಿನ್ನೆ ಮೊನ್ನೆಯವರೆಗೆ ಆಡಿಕೊಂಡಿದ್ದ ಮಗು ಎಷ್ಟು ಕುಡಿದರೂ ತೀರದ ಬಾಯಾರಿಕೆಯಿಂದ ನೀರು ಬೇಡುತ್ತದೆ. ಹಾಸಿಗೆಯನ್ನು ತೋಯಿಸುವುದನ್ನು ಬಿಟ್ಟು ವರ್ಷಗಳಾಗಿದ್ದರೂ ಮತ್ತೆ ತೋಯಿಸತೊಡಗುತ್ತದೆ. ಮೊದಲಿಗಿಂತ ಹೆಚ್ಚಾಗಿ ಉಂಡರೂ ದಿನದಿನಕ್ಕೆ ಸೊರಗುತ್ತದೆ. ಹೀಗೆ ಕೆಲವು ವಾರಗಳು ಕಳೆಯುವುದರೊಳಗಾಗಿ ವಾಂತಿ, ಹೊಟ್ಟೆನೋವು, ಏದುಸಿರುಗಳು ತೋರಿ, ತಕ್ಕ ಚಿಕಿತ್ಸೆ ದೊರೆಯದಿದ್ದರೆ ಪ್ರಜ್ಞೆ ತಪ್ಪಿ ಮೃತಿಹೊಂದುತ್ತದೆ. ಈಗಿನ ವೈದ್ಯರು ಇದನ್ನು ಮೊದಲನೆಯ ಬಗೆಯ ಮಧುಮೇಹವೆಂದು ಕರೆಯುತ್ತಾರೆ.

ಇಂಥ ಮಗುವಿನ ರಕ್ತದಲ್ಲಿ ಏರಿದ ಸಕ್ಕರೆಯನ್ನು ಇಳಿಸುವ ಬಗೆ ಹೇಗೆ? ಈ ಪ್ರಶ್ನೆಗೆ ೧೯೨೨ನೆಯ ಇಸವಿಗೆ ಹಿಂದೆ ವೈದ್ಯಶಾಸ್ತ್ರವು ಕೊಡಬಲ್ಲ ಉತ್ತರವು ಒಂದೇ ಆಗಿದ್ದಿತು: ಹಸಿವು. ಆ ವರ್ಷದ ತರುವಾಯ ಕೊಟ್ಟ ಉತ್ತರವು ಅಳತೆ. ಮೊದಲನೆಯ ಉತ್ತರದಿಂದ ಎರಡನೆಯದಕ್ಕೆ ಬಂದುದು ಹೇಗೆ, ಮತ್ತು ಆ ಅಳತೆಯ ಕೆಲಸವು ವೈದ್ಯನ ಕೈಯಿಂದ ಮಗುವಿನ ಮನೆಯವರ ಕೈಗೆ ಸಂದುದು ಹೇಗೆ ಎಂಬುದೇ ಈ ಚರಿತ್ರೆಯ ಸಾರ.

೧

ಭಾರತದ ಪ್ರಾಚೀನ ವೈದ್ಯರಿಗೆ ಮಧುಮೇಹವು ಅಪರಿಚಿತವಾಗಿರಲಿಲ್ಲ. ಆಯುರ್ವೇದ ಸಂಹಿತೆಗಳು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಮಧುಮೇಹವನ್ನು ಅವುಗಳಲ್ಲೊಂದಾಗಿ ಎಣಿಸಿವೆ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಅವರು ಕಂಡಿದ್ದರು. ಇದಕ್ಕಿಂತಲೂ ಗಮನಾರ್ಹವಾದುದೆಂದರೆ, ಸುಶ್ರುತ ಸಂಹಿತೆಯು ಪ್ರಮೇಹರೋಗಿಗಳಲ್ಲಿ ಎರಡು ವರ್ಗಗಳನ್ನು ಮಾಡಿದುದು. ಹುಟ್ಟಿನಿಂದ ಬಂದ ಸಹಜಪ್ರಮೇಹದವನು ಕೃಶನು, ಬಾಯಾರಿಕೆಯುಳ್ಳವನು. ಅಪಥ್ಯದಿಂದ ರೋಗವನ್ನು ತಂದುಕೊಂಡವನು ಸ್ಥೂಲನು. ಈ ಭೇದವು ಇಂದಿನ ಎರಡು ಬಗೆಗಳಿಗೆ ಅಕ್ಷರಶಃ ಹೊಂದುವುದೆಂದು ಹೇಳಲಾಗದು. ಆದರೂ ತೆಳ್ಳಗಿನ ರೋಗಿಯನ್ನು ದಪ್ಪನೆಯ ರೋಗಿಯಿಂದ ಬೇರ್ಪಡಿಸಿ, ಒಬ್ಬನಿಗೆ ಹಿತವಾದುದು ಇನ್ನೊಬ್ಬನಿಗೆ ಹಿತವಲ್ಲವೆಂದು ತಿಳಿದುದು ಸಾಮಾನ್ಯವಾದ ವಿವೇಕವಲ್ಲ. ಪಾಶ್ಚಾತ್ಯ ವೈದ್ಯದಲ್ಲಿ ಈ ಭೇದವು ಪ್ರಯೋಗದಿಂದ ಸ್ಥಿರಪಟ್ಟುದು ೧೯೩೬ರಲ್ಲಿ, ಇಂಗ್ಲೆಂಡಿನ ಹೆರಾಲ್ಡ್ ಹಿಮ್ಸ್‌ವರ್ತನಿಂದ.

ಯೂರೋಪಿನಲ್ಲಿ ಕಪಡೋಸಿಯದ ಅರೆಟೀಯಸನು ಬಹು ಹಿಂದೆಯೇ ಈ ವ್ಯಾಧಿಯನ್ನು ವರ್ಣಿಸಿ, ಶರೀರದ ಮಾಂಸವು ಕರಗಿ ಮೂತ್ರವಾಗಿ ಹರಿದುಹೋಗುವುದೆಂದು ಬರೆದಿದ್ದನು. ಇಂಗ್ಲೆಂಡಿನ ಥಾಮಸ್ ವಿಲ್ಲಿಸನು ಹದಿನೇಳನೆಯ ಶತಮಾನದಲ್ಲಿ ಮೂತ್ರದ ಮಾಧುರ್ಯವನ್ನು ಹೇಳಿದನು. ೧೭೭೬ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನನು ರೋಗಿಯ ಮೂತ್ರವನ್ನು ಆವಿಮಾಡಿ ಉಳಿದ ಗಸಿಯು ಸಕ್ಕರೆಯಂತಿರುವುದನ್ನು ತೋರಿಸಿದುದಲ್ಲದೆ, ರಕ್ತದ ನೀರೂ ಸಿಹಿಯಾಗಿರುವುದನ್ನು ಕಂಡನು. ಸಿಹಿಯು ಮೂತ್ರಪಿಂಡದಲ್ಲಿ ಹುಟ್ಟುವುದಲ್ಲ, ರಕ್ತದಲ್ಲಿಯೇ ಇರುವುದೆಂಬ ತಿಳಿವಿಗೆ ಇದು ಆರಂಭವಾಯಿತು.

ಮೂಲವು ಯಾವ ಅವಯವದಲ್ಲಿದೆಯೆಂಬುದು ತಿಳಿಯಲು ಇನ್ನೂ ನೂರು ವರ್ಷಗಳಿಗೂ ಮಿಗಿಲಾಗಿ ಬೇಕಾಯಿತು. ೧೮೬೯ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸನು ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ದ್ವೀಪಗಳಂತೆ ಚದರಿಕೊಂಡಿರುವ ಕಣಗಳ ಗುಂಪುಗಳನ್ನು ಸೂಕ್ಷ್ಮದರ್ಶಕದಿಂದ ಕಂಡನು. ಅವುಗಳ ಕಾರ್ಯವೇನೆಂಬುದು ಅವನಿಗೆ ತಿಳಿಯಲಿಲ್ಲ. ೧೮೭೪ರಲ್ಲಿ ಅಡಾಲ್ಫ್ ಕುಸ್‌ಮೌಲನು ಸಾವಿಗೆ ಸಮೀಪಿಸಿದ ಮಧುಮೇಹಿಗಳ ಆಳವಾದ ಏದುಸಿರನ್ನು ವರ್ಣಿಸಿದನು. ಶರೀರವು ಸಕ್ಕರೆಯನ್ನು ಉಪಯೋಗಿಸಲಾರದೆ ಕೊಬ್ಬನ್ನೇ ಉರಿಸುವುದರಿಂದ ಕೀಟೋನ್ ಎಂಬ ವಸ್ತುಗಳು ಹುಟ್ಟಿ ರಕ್ತವು ಆಮ್ಲವಾಗುವುದೆಂದೂ, ಆ ಏದುಸಿರು ಇದರ ಚಿಹ್ನೆಯೆಂದೂ ಆಮೇಲೆ ತಿಳಿದುಬಂದಿತು. ೧೮೮೯ರಲ್ಲಿ ಸ್ಟ್ರಾಸ್‌ಬುರ್ಗಿನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ, ಯೋಸೆಫ್ ಫಾನ್ ಮೇರಿಂಗ್ ಎಂಬಿಬ್ಬರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಲು, ಆ ನಾಯಿಗೆ ತೀವ್ರವಾದ ಮಧುಮೇಹವು ಹತ್ತಿತು. ಕೊರತೆಯು ಎಲ್ಲಿಯದೆಂಬುದು ಇದರಿಂದ ಗೊತ್ತಾಯಿತು. ಆದರೆ ಆ ಗ್ರಂಥಿಯ ಸಾರವನ್ನು ತೆಗೆದು ರೋಗಿಗೆ ಕೊಡಲು ಹಲವರು ಯತ್ನಿಸಿದರೂ ಮೂವತ್ತು ವರ್ಷಗಳವರೆಗೆ ಯಾರಿಗೂ ಅದು ಕೈಗೂಡಲಿಲ್ಲ.

೨

ಆ ನಡುವಣ ಕಾಲದಲ್ಲಿ ವೈದ್ಯರ ಕೈಯಲ್ಲಿದ್ದುದು ಪಥ್ಯವೊಂದೇ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಆಲೆನ್ ಎಂಬ ವೈದ್ಯನು ಈ ಪಥ್ಯವನ್ನು ಕಟ್ಟಕಡೆಯ ಮೇರೆಗೆ ಒಯ್ದನು. ಅವನ ಕ್ರಮದಲ್ಲಿ ರೋಗಿಯು ಮೊದಲು ಮೂತ್ರದಲ್ಲಿ ಸಕ್ಕರೆಯು ಅಡಗುವವರೆಗೆ ಉಪವಾಸವಿರಬೇಕು. ಆಮೇಲೆ ಅನ್ನಾಂಶವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಸಕ್ಕರೆಯು ಮತ್ತೆ ತೋರಿದೊಡನೆ ನಿಲ್ಲಿಸಿ, ಆ ಮೇರೆಗಿಂತ ಕೆಳಗೆ ಜೀವಮಾನವೆಲ್ಲ ನಿಲ್ಲಬೇಕು. ತೀವ್ರವಾದ ರೋಗವುಳ್ಳ ಮಕ್ಕಳಿಗೆ ಈ ಮೇರೆಯು ದಿನಕ್ಕೆ ನಾಲ್ಕೈದು ನೂರು ಕ್ಯಾಲೊರಿಗಳಿಗೂ ಇಳಿಯುತ್ತಿದ್ದಿತು. ಹೊಟ್ಟೆ ತುಂಬಿದಂತಾಗಲೆಂದು ತರಕಾರಿಗಳನ್ನು ಮೂರು ಬಾರಿ ಬೇಯಿಸಿ, ಮೂರು ಬಾರಿಯೂ ನೀರನ್ನು ಬಸಿದು, ಸತ್ತ್ವವೆಲ್ಲ ಹೋದ ಮೇಲೆ ಉಳಿದ ನಾರನ್ನು ಕೊಡುತ್ತಿದ್ದರು. ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಎಂಬ ಹೆಸರಾಂತ ವೈದ್ಯನೂ ಇದೇ ಕ್ರಮವನ್ನು ಅನುಸರಿಸಿದನು.

ಆಲೆನನ ರೋಗಿಗಳಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನಿದ್ದನು. ವ್ಯಾಧಿಯಿಂದ ಅವನ ಕಣ್ಣುಗಳೂ ಹೋಗಿದ್ದವು. ಎಷ್ಟು ಕಾವಲಿಟ್ಟರೂ ಅವನ ಮೂತ್ರದಲ್ಲಿ ಸಕ್ಕರೆಯು ತೋರುತ್ತಲೇ ಇದ್ದಿತು. ವಿಚಾರಿಸಲಾಗಿ, ಅವನು ಹಸಿವು ತಾಳಲಾರದೆ ಹಲ್ಲುಜ್ಜುವ ಲೇಪವನ್ನೂ ಪಂಜರದ ಹಕ್ಕಿಗೆ ಇಟ್ಟ ಕಾಳನ್ನೂ ತಿನ್ನುತ್ತಿದ್ದನೆಂದು ತಿಳಿಯಿತು. ಪಥ್ಯವನ್ನು ಇನ್ನೂ ಬಿಗಿಮಾಡಲಾಯಿತು. ಸಕ್ಕರೆಯು ಇಳಿಯಿತು, ಹುಡುಗನು ಉಳಿಯಲಿಲ್ಲ.

ಇದನ್ನು ಓದುವಾಗ ಆ ವೈದ್ಯರನ್ನು ನಿರ್ದಯರೆಂದು ನಿಂದಿಸುವುದು ಸುಲಭ. ಆದರೆ ಅವರ ಮುಂದಿದ್ದ ಆಯ್ಕೆಯು ಹಸಿವಿಗೂ ತೃಪ್ತಿಗೂ ನಡುವಣದಾಗಿರಲಿಲ್ಲ. ಕೆಲವು ವಾರಗಳಲ್ಲಿ ಬರುವ ಸಾವಿಗೂ ಒಂದೆರಡು ವರ್ಷ ತಡೆದು ಬರುವ ಸಾವಿಗೂ ನಡುವಣದಾಗಿದ್ದಿತು. ಹಾಗೆ ತಡೆಹಿಡಿದ ಕಾಲದಿಂದಲೇ ಕೆಲವು ಮಕ್ಕಳು ಬದುಕಿದರು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಎವನ್ಸ್ ಹ್ಯೂಸನ ಮಗಳು ಎಲಿಜಬೆತ್ ಅವರಲ್ಲೊಬ್ಬಳು. ೧೯೧೯ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಅವಳಿಗೆ ಈ ವ್ಯಾಧಿಯುಂಟೆಂದು ಗೊತ್ತಾದಾಗ ತೂಕವು ಎಪ್ಪತ್ತೈದು ಪೌಂಡು. ಮೂರು ವರ್ಷಕಾಲ ಒಂದೊಂದು ತುತ್ತನ್ನೂ ತೂಗಿ ತಿಂದು, ೧೯೨೨ರ ಆಗಸ್ಟಿನಲ್ಲಿ ಅವಳು ಕೆನಡದ ಟೊರಾಂಟೊ ನಗರವನ್ನು ಸೇರಿದಾಗ ಉಳಿದಿದ್ದುದು ನಲವತ್ತೈದು ಪೌಂಡು ಮಾತ್ರ.

೩

ಅವಳು ಟೊರಾಂಟೊವಿಗೆ ಹೋದುದಕ್ಕೆ ಕಾರಣವು ಹಿಂದಿನ ವರ್ಷದ ಬೇಸಗೆಯಲ್ಲಿ ಅಲ್ಲಿ ನಡೆದ ಪ್ರಯೋಗಗಳು. ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಶಸ್ತ್ರವೈದ್ಯನು ಮೇದೋಜೀರಕದ ಸಾರವನ್ನು ತೆಗೆಯುವ ಉಪಾಯವೊಂದನ್ನು ೧೯೨೦ರ ಅಕ್ಟೋಬರಿನ ಕೊನೆಯ ರಾತ್ರಿಗಳಲ್ಲೊಂದರಲ್ಲಿ ಯೋಚಿಸಿ ಬರೆದಿಟ್ಟುಕೊಂಡಿದ್ದನು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆ. ಜೆ. ಆರ್. ಮಕ್ಲೌಡನು ಅವನಿಗೆ ಪ್ರಯೋಗಶಾಲೆಯನ್ನೂ ನಾಯಿಗಳನ್ನೂ ಚಾರ್ಲ್ಸ್ ಬೆಸ್ಟ್ ಎಂಬ ತರುಣ ಸಹಾಯಕನನ್ನೂ ಒದಗಿಸಿದನು. ೧೯೨೧ರ ಮೇ ತಿಂಗಳಲ್ಲಿ ಕೆಲಸವು ಆರಂಭವಾಗಿ, ಬೇಸಗೆ ಕಳೆಯುವುದರೊಳಗೆ ಗ್ರಂಥಿಯಿಲ್ಲದ ನಾಯಿಗಳ ಸಕ್ಕರೆಯು ಆ ಸಾರದಿಂದ ಇಳಿಯುವುದು ಕಂಡುಬಂದಿತು. ವರ್ಷದ ಕೊನೆಯಲ್ಲಿ ಸಾರವನ್ನು ಶುದ್ಧಿಮಾಡುವುದಕ್ಕಾಗಿ ಜೇಮ್ಸ್ ಕಾಲಿಪ್ ಎಂಬ ರಸಾಯನಜ್ಞನು ಅವರೊಡನೆ ಕೂಡಿಕೊಂಡನು.

ಟೊರಾಂಟೊವಿನ ದೊಡ್ಡ ಆಸ್ಪತ್ರೆಯಲ್ಲಿ ಆಗ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನು ಮಲಗಿದ್ದನು. ತೂಕವು ಅರುವತ್ತೈದು ಪೌಂಡು. ಆಹಾರವು ದಿನಕ್ಕೆ ೪೫೦ ಕ್ಯಾಲೊರಿ. ೧೯೨೨ರ ಜನವರಿ ೧೧ರಂದು ಅವನಿಗೆ ಆ ಸಾರವನ್ನು ಮೊದಲ ಬಾರಿ ಚುಚ್ಚಿದರು. ನೂರು ಘನ ಸೆಂಟಿಮೀಟರ್ ರಕ್ತದಲ್ಲಿ ೪೪೦ ಮಿಲಿಗ್ರಾಂ ಇದ್ದ ಸಕ್ಕರೆಯು ೩೨೦ಕ್ಕೆ ಇಳಿಯಿತಾದರೂ, ಚುಚ್ಚಿದ ಎಡೆಯಲ್ಲಿ ಬಾವು ಎದ್ದಿತು. ಹುಡುಗನ ಸ್ಥಿತಿಯಲ್ಲಿ ಹೇಳತಕ್ಕ ಗುಣವು ಕಾಣಲಿಲ್ಲ. ಚಿಕಿತ್ಸೆಯನ್ನು ನಿಲ್ಲಿಸಿದರು. ಕಾಲಿಪನು ಹನ್ನೆರಡು ದಿನ ಹಗಲಿರುಳು ದುಡಿದು, ಮದ್ಯಸಾರದ ಪ್ರಮಾಣವನ್ನು ಹೆಚ್ಚಿಸುತ್ತ ಕಲ್ಮಷಗಳನ್ನು ಬೇರ್ಪಡಿಸುವ ಕ್ರಮವನ್ನು ಕಂಡುಹಿಡಿದನು. ಜನವರಿ ೨೩ರಂದು ಆ ಶುದ್ಧವಾದ ಸಾರವನ್ನು ಚುಚ್ಚಲು, ಒಂದು ದಿನದೊಳಗೆ ಸಕ್ಕರೆಯು ೫೨೦ರಿಂದ ೧೨೦ಕ್ಕೆ ಇಳಿಯಿತು, ಮೂತ್ರದಲ್ಲಿ ಕೀಟೋನುಗಳು ಅಡಗಿದವು, ಹುಡುಗನು ಚೇತರಿಸಿಕೊಂಡನು. ಅವನು ಮುಂದೆ ಹದಿಮೂರು ವರ್ಷ ಬದುಕಿ, ೧೯೩೫ರಲ್ಲಿ ಪುಪ್ಫುಸದ ಉರಿಯೂತದಿಂದ ತೀರಿಕೊಂಡನು.

ಆ ಸಾರಕ್ಕೆ ಇನ್ಸುಲಿನ್ ಎಂದು ಹೆಸರಾಯಿತು. ದ್ವೀಪವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು ಅದು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಈ ಮೂವರು ಅದರ ಹಕ್ಕನ್ನು ೧೯೨೩ರಲ್ಲಿ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅದೇ ವರ್ಷ ನೊಬೆಲ್ ಬಹುಮಾನವು ಬ್ಯಾಂಟಿಂಗ್ ಮಕ್ಲೌಡರಿಗೆ ಬರಲು, ಮೊದಲನೆಯವನು ತನ್ನ ಪಾಲಿನ ಹಣದಲ್ಲಿ ಬೆಸ್ಟನಿಗೂ ಎರಡನೆಯವನು ಕಾಲಿಪನಿಗೂ ಅರ್ಧವನ್ನು ಹಂಚಿಕೊಟ್ಟರು.

ಎಲಿಜಬೆತ್ ಹ್ಯೂಸಳಿಗೆ ಆ ಆಗಸ್ಟಿನಲ್ಲಿ ಬ್ಯಾಂಟಿಂಗನೇ ಇನ್ಸುಲಿನ್ನನ್ನು ಆರಂಭಿಸಿದನು. ಮೂರು ವರ್ಷ ರೊಟ್ಟಿಯನ್ನು ಕಾಣದಿದ್ದವಳು ಕೆಲವೇ ವಾರಗಳಲ್ಲಿ ಎಲ್ಲರಂತೆ ಉಣ್ಣತೊಡಗಿದಳು. ಕೆಲವು ತಿಂಗಳುಗಳಲ್ಲಿ ತೂಕವು ಇಮ್ಮಡಿಯಾಯಿತು. ಅವಳು ಕಾಲೇಜಿನಲ್ಲಿ ಓದಿ, ಮದುವೆಯಾಗಿ, ಮೂರು ಮಕ್ಕಳ ತಾಯಿಯಾಗಿ, ೧೯೮೧ರವರೆಗೆ ಬದುಕಿದಳು.

೪

ಇಲ್ಲಿಗೆ ಕಥೆಯು ಸುಖಾಂತವಾಯಿತೆಂದು ಭಾವಿಸುವವರುಂಟು. ನಿಜವಾಗಿ ನೋಡಿದರೆ ಮಗುವಿನ ಮನೆಯವರ ಪಾಲಿಗೆ ಕೆಲಸವು ಆರಂಭವಾದುದೇ ಇಲ್ಲಿಂದ. ಬ್ಯಾಂಟಿಂಗನು ತನ್ನ ನೊಬೆಲ್ ಉಪನ್ಯಾಸದಲ್ಲಿ ಇನ್ಸುಲಿನ್ನು ವ್ಯಾಧಿಯನ್ನು ವಾಸಿಮಾಡುವುದಲ್ಲ, ಕೇವಲ ಚಿಕಿತ್ಸೆಯೆಂದು ಸ್ಪಷ್ಟವಾಗಿ ಹೇಳಿದನು. ಆರೋಗ್ಯವಂತನ ಶರೀರದಲ್ಲಿ ಗ್ರಂಥಿಯು ಪ್ರತಿಯೊಂದು ಊಟಕ್ಕೂ ಆಟಕ್ಕೂ ತಕ್ಕಂತೆ ಕ್ಷಣಕ್ಷಣವೂ ಅಳೆದು ಕೊಡುವುದನ್ನು, ಇನ್ನು ಮುಂದೆ ಮನುಷ್ಯನು ತನ್ನ ಬುದ್ಧಿಯಿಂದ ಅಳೆದು ಕೊಡಬೇಕಾಯಿತು.

ಅಳತೆಯು ಕಡಿಮೆಯಾದರೆ ಸಕ್ಕರೆಯು ಏರುವುದು. ಹೆಚ್ಚಾದರೆ ಏನಾಗುವುದೆಂಬುದನ್ನು ಕಾಲಿಪನು ಮೊಲಗಳಲ್ಲಿ ಕಂಡಿದ್ದನು: ಸಕ್ಕರೆಯು ಮಿತಿಮೀರಿ ಇಳಿದಾಗ ಅವು ಸೆಳವು ಬಂದು ಬೀಳುತ್ತಿದ್ದವು, ಸಕ್ಕರೆಯ ನೀರನ್ನು ಚುಚ್ಚಿದರೆ ಮತ್ತೆ ಏಳುತ್ತಿದ್ದವು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಈ ಔಷಧಕ್ಕೆ ಒಪ್ಪುವಂತೆ ಮತ್ತೊಂದಕ್ಕೆ ಒಪ್ಪಲಾರದು. ಆದುದರಿಂದ ಸಿಹಿಯನ್ನು ಕಂಡರೆ ಹೆದರಬೇಕೆಂದು ಕಲಿತಿದ್ದ ಮಕ್ಕಳೇ ಮಿಠಾಯಿಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬೇಕಾಯಿತು. ಮೈ ನಡುಗಿ, ಬೆವರಿ, ಕಣ್ಣು ಕತ್ತಲಿಟ್ಟರೆ ಒಡನೆ ಅದನ್ನು ಬಾಯಿಗೆ ಹಾಕಿಕೊಳ್ಳತಕ್ಕುದು.

ಇದನ್ನೆಲ್ಲ ಆಸ್ಪತ್ರೆಯಲ್ಲಿಯೇ ಕುಳಿತು ನಡೆಸುವುದು ಅಸಾಧ್ಯ. ಜಾಸ್ಲಿನನು ಇದನ್ನು ಎಲ್ಲರಿಗಿಂತ ಮೊದಲೇ ಅರಿತು, ೧೯೧೮ರಲ್ಲಿಯೇ ರೋಗಿಗಳೇ ಓದತಕ್ಕ ಕೈಪಿಡಿಯೊಂದನ್ನು ಬರೆದಿದ್ದನು. ಇನ್ಸುಲಿನ್ ಬಂದ ಮೇಲೆ ಅವನು ದಾದಿಯರನ್ನು ತರಬೇತುಗೊಳಿಸಿ ತಾಯಂದಿರಿಗೆ ಈ ವಿದ್ಯೆಯನ್ನು ಕಲಿಸಲು ನೇಮಿಸಿದನು. ಅವನೊಡನೆ ೧೯೨೪ರಿಂದ ಕೆಲಸ ಮಾಡಿದ ಪ್ರಿಸಿಲ್ಲ ವೈಟ್ ಎಂಬ ವೈದ್ಯೆಯು ಮಕ್ಕಳ ಮಧುಮೇಹಕ್ಕಾಗಿಯೇ ತನ್ನ ಜೀವಮಾನವನ್ನು ಮೀಸಲಿಟ್ಟು ೧೯೩೨ರಲ್ಲಿ ಆ ವಿಷಯದ ಗ್ರಂಥವನ್ನು ಪ್ರಕಟಿಸಿದಳು. ಲಂಡನ್ನಿನ ಆರ್. ಡಿ. ಲಾರೆನ್ಸನು ತಾನೇ ಈ ರೋಗಕ್ಕೆ ತುತ್ತಾಗಿ, ಸಾಯುವುದಕ್ಕೆಂದೇ ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದವನು, ೧೯೨೩ರಲ್ಲಿ ಹಿಂದಿರುಗಿ ಇನ್ಸುಲಿನ್ನಿನಿಂದ ಬದುಕಿ, ತನ್ನಂಥವರಿಗೆ ದಾರಿ ತೋರಿಸುವ ಪುಸ್ತಕವನ್ನು ಬರೆದನು.

ಆ ಕಾಲದ ತಾಯಿಯ ದಿನಚರಿಯನ್ನು ಊಹಿಸಿದರೆ ಈ ವಿದ್ಯೆಯ ಭಾರವು ತಿಳಿಯುವುದು. ಬೆಳಗಾಗುತ್ತಲೇ ಗಾಜಿನ ಪಿಚಕಾರಿಯನ್ನೂ ಸೂಜಿಯನ್ನೂ ನೀರಿನಲ್ಲಿ ಕುದಿಸಬೇಕು. ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆಯಬೇಕು. ಬೆನೆಡಿಕ್ಟನ ದ್ರಾವಣವೆಂಬ ನೀಲಿಯ ನೀರಿಗೆ ಮಗುವಿನ ಮೂತ್ರದ ಎಂಟು ಹನಿಗಳನ್ನು ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸುರು, ಹಳದಿ, ಕಿತ್ತಳೆ ಎಂದು ಏರುತ್ತ ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಸಕ್ಕರೆಯು ಅತಿಯಾಗಿದೆ. ಅದನ್ನು ನೋಡಿ ಔಷಧದ ಪ್ರಮಾಣವನ್ನು ನಿಶ್ಚಯಿಸಿ, ಊಟವನ್ನು ತಕ್ಕಡಿಯಲ್ಲಿ ತೂಗಿ, ಅಳುವ ಮಗುವನ್ನು ಹಿಡಿದು ಚುಚ್ಚಬೇಕು. ಸಾಯಂಕಾಲಕ್ಕೆ ಮತ್ತೆ ಅದೇ ಕ್ರಮ. ೧೯೩೬ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನನು ಪ್ರೋಟಮಿನ್ ಎಂಬ ವಸ್ತುವನ್ನು ಬೆರೆಸಿ ಬಹಳ ಹೊತ್ತು ಕೆಲಸಮಾಡುವ ಇನ್ಸುಲಿನ್ನನ್ನು ತಯಾರಿಸಿದ ಮೇಲೆ ಚುಚ್ಚುವಿಕೆಯ ಸಂಖ್ಯೆ ತಗ್ಗಿತು, ಚಿಂತೆಯು ತಗ್ಗಲಿಲ್ಲ. ಏಕೆಂದರೆ ರಕ್ತದ ಸಕ್ಕರೆಯು ಸುಮಾರು ೧೮೦ ಮಿಲಿಗ್ರಾಮನ್ನು ದಾಟಿದ ಮೇಲೆಯೇ ಮೂತ್ರಕ್ಕೆ ಇಳಿಯುವುದು. ಮಿತಿಮೀರಿ ತಗ್ಗಿದುದನ್ನಂತೂ ಮೂತ್ರವು ಹೇಳಲಾರದು. ತಾಯಿಯ ಕೈಯಲ್ಲಿದ್ದ ಅಳತೆಗೋಲಿಗೆ ಕೆಳಗಿನ ಅರ್ಧವೇ ಇರಲಿಲ್ಲ.

೫

ಅಳತೆಯನ್ನು ಯಾವುದಕ್ಕೆ ಹೊಂದಿಸಬೇಕೆಂಬ ವಿಷಯದಲ್ಲಿ ವೈದ್ಯರಲ್ಲಿ ವಿವಾದವು ಹುಟ್ಟಿತು. ಆಹಾರವನ್ನು ಗೊತ್ತುಮಾಡಿ ಮಗುವನ್ನು ಅದಕ್ಕೆ ಕಟ್ಟಿಹಾಕಬೇಕೆಂಬುದು ಜಾಸ್ಲಿನನ ಮತ. ಜರ್ಮನಿಯ ಬ್ರೆಸ್ಲಾವಿನ ಮಕ್ಕಳ ವೈದ್ಯ ಕಾರ್ಲ್ ಸ್ಟೋಲ್ಟನು ಇದನ್ನು ಒಪ್ಪಲಿಲ್ಲ. ಮಗು ಹಸಿವಿಗೆ ತಕ್ಕಂತೆ ಉಣ್ಣಲಿ, ಉಂಡುದಕ್ಕೆ ತಕ್ಕಂತೆ ಇನ್ಸುಲಿನ್ನನ್ನು ಕೊಡೋಣವೆಂದು ಅವನು ವಾದಿಸಿದನು. ಸ್ಟೋಲ್ಟನ ಮಾತಿನಲ್ಲಿ ಮಗುವಿನ ಮೇಲಣ ಕರುಣೆಯಿದ್ದಿತು, ಶರೀರದ ಸಹಜಧರ್ಮದ ಅನುಕರಣವೂ ಇದ್ದಿತು. ಆದರೆ ಅದನ್ನು ಸಾಧಿಸಲು ಬೇಕಾದ ಅಳತೆಯ ಸಾಧನವು ಆ ಕಾಲದ ಮನೆಗಳಲ್ಲಿರಲಿಲ್ಲ. ಜಾಸ್ಲಿನನ ಎಚ್ಚರಿಕೆಗೂ ಕಾರಣವಿದ್ದಿತು. ಇನ್ಸುಲಿನ್ನಿನಿಂದ ಬದುಕಿದ ಮಕ್ಕಳು ಹದಿನೈದು ಇಪ್ಪತ್ತು ವರ್ಷಗಳಾಗುತ್ತಲೇ ಕಣ್ಣು, ಮೂತ್ರಪಿಂಡ, ನರಗಳ ವಿಕಾರಕ್ಕೆ ಗುರಿಯಾಗುತ್ತಿದ್ದುದು ಕಂಡುಬರತೊಡಗಿತು. ಇದು ಸಕ್ಕರೆಯು ಏರಿದುದರ ಫಲವೋ, ವ್ಯಾಧಿಯ ಅನಿವಾರ್ಯ ಗತಿಯೋ ಎಂಬ ಪ್ರಶ್ನೆಯು ಅರ್ಧ ಶತಮಾನ ಕಾಲ ಇತ್ಯರ್ಥವಾಗಲಿಲ್ಲ.

ಇತ್ಯರ್ಥವಾದುದು ೧೯೯೩ರಲ್ಲಿ. ಅಮೆರಿಕ ಮತ್ತು ಕೆನಡಗಳಲ್ಲಿ ಹದಿಮೂರರಿಂದ ಮೂವತ್ತೊಂಬತ್ತು ವರ್ಷ ವಯಸ್ಸಿನ ೧೪೪೧ ಮಂದಿಯ ಮೇಲೆ ೧೯೮೩ರಿಂದ ನಡೆದ ಪರೀಕ್ಷೆಯಲ್ಲಿ, ಸಕ್ಕರೆಯನ್ನು ಆರೋಗ್ಯವಂತರ ಮಟ್ಟಕ್ಕೆ ಸಮೀಪವಾಗಿ ಇಟ್ಟುಕೊಂಡವರಲ್ಲಿ ಆ ವಿಕಾರಗಳು ಬಹಳ ಕಡಿಮೆಯೆಂದು ಸಿದ್ಧವಾಯಿತು. ಅದರೊಡನೆ, ಸಕ್ಕರೆಯು ಮಿತಿಮೀರಿ ಇಳಿಯುವ ಅಪಾಯವು ಅವರಲ್ಲಿ ಹೆಚ್ಚೆಂಬುದೂ ತಿಳಿಯಿತು. ಅಷ್ಟರಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆಯನ್ನು ತೋರಿಸುವ ಯಂತ್ರಗಳು ಮನೆಗೆ ಬಂದಿದ್ದವು. ಪ್ರಾಣಿಗಳ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನಿಗೆ ಬದಲಾಗಿ, ಸೂಕ್ಷ್ಮಜೀವಿಗಳಿಂದ ಮಾನವ ಇನ್ಸುಲಿನ್ನನ್ನೇ ತಯಾರಿಸುವ ವಿದ್ಯೆಯು ೧೯೭೮ರಲ್ಲಿ ಸಿದ್ಧಿಸಿ, ೧೯೮೨ರಿಂದ ರೋಗಿಗಳಿಗೆ ದೊರೆಯತೊಡಗಿದ್ದಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಇಂಥ ಇನ್ಸುಲಿನ್ನನ್ನು ೨೦೦೪ರಲ್ಲಿ ಮಾರುಕಟ್ಟೆಗೆ ತಂದಿತು. ಹೀಗೆ ಸ್ಟೋಲ್ಟನ ಸ್ವಾತಂತ್ರ್ಯವೂ ಜಾಸ್ಲಿನನ ಎಚ್ಚರವೂ ಒಂದೇ ಮನೆಯಲ್ಲಿ ಕೂಡಿ ಬಾಳುವುದಕ್ಕೆ ದಾರಿಯಾಯಿತು. ಈಗ ಮಗು ಉಣ್ಣುವ ಅನ್ನ ರೊಟ್ಟಿಗಳಲ್ಲಿರುವ ಪಿಷ್ಟಾಂಶವನ್ನು ಎಣಿಸಿ, ಅದಕ್ಕೆ ತಕ್ಕ ಇನ್ಸುಲಿನ್ನನ್ನು ಕೊಡುವ ಕ್ರಮವೇ ವೈದ್ಯರಿಗೆ ಸಮ್ಮತವಾದುದು.

೬

ಹೊಸದಾಗಿ ವ್ಯಾಧಿಯು ಕಾಣಿಸಿಕೊಂಡ ಮಗುವಿನ ಮೊದಲ ದಿನಗಳ ಉಪಚಾರವನ್ನು ನೋಡಿದರೆ, ಈ ಚರಿತ್ರೆಯು ಕಲಿಸಿದ ಪಾಠಗಳೆಲ್ಲ ಅದರಲ್ಲಿ ಅಡಗಿರುವುದು ಕಾಣುತ್ತದೆ. ರಕ್ತವು ಆಮ್ಲವಾಗಿರುವ ಮಗುವಿಗೆ ಮೊದಲು ಕೊಡುವುದು ರಕ್ತನಾಳದ ಮೂಲಕ ಲವಣಜಲ; ಇನ್ಸುಲಿನ್ನು ಅದರ ಹಿಂದೆ, ಅಲ್ಪಪ್ರಮಾಣದಲ್ಲಿ, ಎಡೆಬಿಡದೆ ಸ್ವಲ್ಪಸ್ವಲ್ಪವಾಗಿ. ೧೯೭೦ರ ದಶಕದವರೆಗೆ ದೊಡ್ಡ ದೊಡ್ಡ ಪ್ರಮಾಣಗಳನ್ನು ಒಮ್ಮೆಗೇ ಕೊಡುತ್ತಿದ್ದರು. ಸಣ್ಣ ಪ್ರಮಾಣಗಳೇ ಸಾಕೆಂದು ಆಗ ತಿಳಿಯಿತು. ಆಮ್ಲತೆಗೆ ಒಳಗಾದ ಮಕ್ಕಳಲ್ಲಿ ಮೆದುಳು ಬಾತು ಪ್ರಾಣಕ್ಕೆ ಅಪಾಯವಾಗುವುದುಂಟು. ಆದುದರಿಂದ ಸಕ್ಕರೆಯನ್ನು ಆತುರದಿಂದ ಇಳಿಸದೆ ಮೆಲ್ಲಮೆಲ್ಲನೆ ಇಳಿಸುತ್ತಾರೆ. ಅದು ತಕ್ಕಷ್ಟು ತಗ್ಗಿದೊಡನೆ ಸಕ್ಕರೆಯ ನೀರನ್ನೇ ಕೂಡಿಸಿ ಇನ್ಸುಲಿನ್ನನ್ನು ಮುಂದುವರಿಸುತ್ತಾರೆ; ಏಕೆಂದರೆ ಅಡಗಿಸಬೇಕಾದುದು ಸಕ್ಕರೆಯನ್ನು ಮಾತ್ರವಲ್ಲ, ಆಮ್ಲವನ್ನೂ ಅಡಗಿಸಬೇಕು.

ಮಗು ಎದ್ದು ಕುಳಿತ ಮೇಲೆ ಪಾಠವು ಮೊದಲಾಗುತ್ತದೆ. ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಕೂಡದು. ರಕ್ತದ ಸಕ್ಕರೆಯು ಎಪ್ಪತ್ತಕ್ಕಿಂತ ಕೆಳಗಿಳಿದರೆ ಒಡನೆ ಸಿಹಿಯನ್ನು ಕೊಡತಕ್ಕುದು. ಸಕ್ಕರೆಯು ಏರಿ ವಾಂತಿ ತೋರಿದರೆ ಕೀಟೋನನ್ನು ಪರೀಕ್ಷಿಸಿ ವೈದ್ಯನಲ್ಲಿಗೆ ಒಯ್ಯತಕ್ಕುದು. ಆರಂಭದ ಕೆಲವು ತಿಂಗಳು ಗ್ರಂಥಿಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಶಕ್ತಿಯು ಚೇತರಿಸಿಕೊಂಡು ಔಷಧವು ಬಹಳ ಕಡಿಮೆ ಸಾಕಾಗುವುದುಂಟು. ರೋಗವು ವಾಸಿಯಾಯಿತೆಂದು ಭ್ರಮಿಸಿ, ಯಾರೋ ಹೇಳಿದ ಬೇರು ಪುಡಿಗಳನ್ನು ನಂಬಿ ಇನ್ಸುಲಿನ್ನನ್ನು ಬಿಟ್ಟ ಮನೆಗಳಲ್ಲಿ ಮಕ್ಕಳು ಹಳೆಯ ಗತಿಯನ್ನೇ ಕಂಡಿದ್ದಾರೆ. ಶರೀರದ ರಕ್ಷಕಶಕ್ತಿಯೇ ದಾರಿತಪ್ಪಿ ಗ್ರಂಥಿಯ ದ್ವೀಪಗಳನ್ನು ನಾಶಮಾಡುವುದು ಈ ವ್ಯಾಧಿಯ ಕಾರಣವಾದುದರಿಂದ, ಆ ಬಿಡುವು ತಾತ್ಕಾಲಿಕವೆಂಬುದನ್ನು ತಂದೆತಾಯಿಗಳು ಮೊದಲೇ ಅರಿತಿರಬೇಕು. ಮಗು ಹೆಚ್ಚು ಸಿಹಿ ತಿಂದುದರಿಂದ ಹೀಗಾಯಿತೆಂಬ ನೆರೆಹೊರೆಯವರ ಮಾತಿಗೂ ಇದೇ ಉತ್ತರ.

ಇನ್ಸುಲಿನ್ ದೊರೆತು ನೂರು ವರ್ಷಗಳು ಕಳೆದಿವೆ. ಆದರೂ ಬಾಯಾರಿಕೆ ಮತ್ತು ಸೊರಗುವಿಕೆಗಳ ಅರ್ಥವನ್ನು ಸಕಾಲದಲ್ಲಿ ತಿಳಿಯದೆಯೂ, ತಿಳಿದರೂ ಔಷಧವು ಕೈಗೆಟುಕದೆಯೂ ಸಾಯುವ ಮಕ್ಕಳು ಬಡದೇಶಗಳಲ್ಲಿ ಇನ್ನೂ ಇದ್ದಾರೆ. ಅಂಥ ಮಗುವಿನ ಪಾಲಿಗೆ ೧೯೨೨ನೆಯ ಇಸವಿಯು ಇನ್ನೂ ಬಂದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಮಾತು ಈ ಮಕ್ಕಳಿಗೆ ಸಲ್ಲದಿದ್ದರೂ, ಊಟವನ್ನೂ ಔಷಧವನ್ನೂ ಅಳೆಯಬಲ್ಲ ಮನೆಯಲ್ಲಿ ಅವರು ಎಲ್ಲ ಮಕ್ಕಳಂತೆ ಓದಿ, ಆಡಿ, ದೀರ್ಘಕಾಲ ಬಾಳಬಲ್ಲರು. ಆ ಅಳತೆಯನ್ನು ತಾಯಿತಂದೆಗಳಿಗೆ ಕಲಿಸುವವರೂ ಔಷಧವನ್ನು ತಪ್ಪದೆ ಒದಗಿಸುವವರೂ ಪ್ರತಿಯೊಂದು ಜಿಲ್ಲೆಯಲ್ಲಿಯೂ ಇರುವಂತಾದರೆ, ಟೊರಾಂಟೊವಿನಲ್ಲಿ ಆರಂಭವಾದ ಕಾರ್ಯವು ಪೂರ್ಣವಾದೀತು.